ಸಿರ್ಕಾ ವಾಸನೆಯ ಕನ್ನಡಿ

ಅಸ್ಮಾಳ ಹೊಲಿಗೆ ಅಂಗಡಿಗೆ ದೊಡ್ಡ ಕನ್ನಡಿ ಬಂದದ್ದು ಯುಗಾದಿ ಕಳೆದ ಮೇಲೆ. ಅವಳ ಅಪ್ಪ ಹುಸೇನ್‌ಸಾಬ್ ಅದನ್ನು ಸಿಂಧನೂರಿನಿಂದ ಮಸ್ಕಿಗೆ ಅಳಿಯ ಆಸೀಮನ ಗೂಡ್ಸ್ ಆಟೊದಲ್ಲಿ ಎರಡು ಕೌದಿಗಳ ನಡುವೆ ಮಲಗಿಸಿಕೊಂಡು ತಂದರು. ದಾರಿಯುದ್ದಕ್ಕೂ ಮುಂದಿನ ಸೀಟಿನಲ್ಲಿ ಕೂಡದೆ ಹಿಂದೆ ಅದರ ಪಕ್ಕದಲ್ಲೇ ಕುಳಿತು, ರಸ್ತೆಯ ಉಬ್ಬು ಬಂದಾಗಲೆಲ್ಲ ಗಾಜಿನ ಮೇಲೆ ಅಂಗೈ ಇಡುತ್ತಿದ್ದರಂತೆ.

"ಮಗಳನ್ನ ಲಗ್ನಾ ಮಾಡಿ ಕಳಿಸುವಾಗ ಹಿಂಗ ಹಿಡಕೊಂಡಿದ್ದಿಲ್ರೀ ಮಾಮಾ," ಎಂದು ಆಸೀಮ ನಕ್ಕ.

"ಮಗಳು ಒಡಿಯಂಗಿಲ್ಲಲೇ. ಇದು ಒಡೀತೈತಿ," ಎಂದರು ಹುಸೇನ್‌ಸಾಬ್.

ನಾನು ಅಂಗಡಿಯ ಪಕ್ಕದ ಮನೆಯವಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದೆ. ಊರಿಗೆ ಈಗಲೂ ಅಕ್ಕೋರು. ಮಧ್ಯಾಹ್ನ ಕರೆಂಟು ಹೋಗುವ ಹೊತ್ತಿಗೆ ಅಸ್ಮಾ ಅಂಗಡಿ ಬಾಗಿಲಿನ ನೆರಳಲ್ಲಿ ನನಗೊಂದು ಕುರ್ಚಿ ಹಾಕಿಡುತ್ತಾಳೆ. ಕರೆಯುವುದಿಲ್ಲ, ಹಾಕಿಟ್ಟಿರುತ್ತಾಳೆ, ಅಷ್ಟೆ. ಅಂದು ಆ ಕುರ್ಚಿಯಲ್ಲಿ ಕುಳಿತೇ ಕನ್ನಡಿ ಗೋಡೆಗೆ ಏರುವುದನ್ನು ನೋಡಿದೆ.

ಹುಸೇನ್‌ಸಾಬ್ ಸಿಂಧನೂರಿನಲ್ಲಿ ಬಹಳ ವರ್ಷಗಳಿಂದ ಗಾಜಿನ ಕೆಲಸ ಮಾಡಿದವರು. ಕಿಟಕಿಗೆ ಗಾಜು ಕೂಡಿಸುವುದು, ಅಂಗಡಿಯ ಶೋಕೇಸು, ಅಡುಗೆಮನೆ ಸಿಂಕಿನ ಸುತ್ತ ಸಂದು ಮುಚ್ಚುವುದು. ಕನ್ನಡಿಯಾದರೆ ನಾಲ್ಕು ಮೂಲೆಗೆ ತೂತು ಕೊರೆದು ಹಿತ್ತಾಳೆ ಟೊಪ್ಪಿಗೆಯ ಸ್ಕ್ರೂ ಹಾಕುತ್ತಿದ್ದರು. ಈಗ ಯಾರಿಗೂ ಸ್ಕ್ರೂ ಬೇಡವಾಗಿದೆ. ಅಸ್ಮಾಳಿಗೂ ಬೇಡ.

"ಬ್ಲೌಸ್ ಹಾಕ್ಕೊಂಡು ನೋಡೋರ ಭುಜದ ಮ್ಯಾಲ ಮೊಳಿ ಕಾಣಬಾರದು ಅಬ್ಬಾ. ನೀರು ನಿಂತಂಗ ಕಾಣಬೇಕು," ಎಂದಳು.

ಆದ್ದರಿಂದ ಸಿಲಿಕಾನ್. ಉದ್ದನೆಯ ಟ್ಯೂಬನ್ನು ಕಬ್ಬಿಣದ ಗನ್ನಿಗೆ ಹಾಕಿ ಕುದುರೆ ಒತ್ತಿದರೆ ಬಿಳಿ ಪೇಸ್ಟು ಶಾವಿಗೆಯಂತೆ ಹೊರಬರುತ್ತದೆ. ಕನ್ನಡಿಯ ಬೆನ್ನ ಮೇಲೆ ಹುಸೇನ್‌ಸಾಬ್ ಅದನ್ನು ಮುದ್ದೆಮುದ್ದೆಯಾಗಿ ಇಟ್ಟರು. ಕೋಣೆಯ ತುಂಬ ಹುಳಿ ವಾಸನೆ. ಹೋಟೆಲಿನಲ್ಲಿ ಬಿರಿಯಾನಿಯ ಜೊತೆ ಕೊಡುವ, ವಿನೆಗರಿನಲ್ಲಿ ನೆನೆಸಿದ ಈರುಳ್ಳಿಯ ವಾಸನೆ.

"ಸಿರ್ಕಾ ವಾಸನಿ!" ಎಂದು ಅಸ್ಮಾ ಸೆರಗನ್ನು ಮೂಗಿಗೆ ಹಿಡಿದಳು.

"ಎಲ್ಡು ದಿನ. ಗಟ್ಟಿಯಾತು ಅಂದ್ರ ವಾಸನಿ ಹೋಗ್ತೈತಿ," ಎಂದರು ಅವರು. ಗೋಡೆಯ ಹೊಸ ಟೈಲ್ಸಿನ ಮೇಲೆ ಅಪ್ಪ, ಅಳಿಯ ಕೂಡಿ ಕನ್ನಡಿಯನ್ನು ಒತ್ತಿ ನಿಲ್ಲಿಸಿ ಕಟ್ಟಿಗೆಯ ಊರುಗೋಲು ಕೊಟ್ಟರು.

ಮರುದಿನ ಊರುಗೋಲು ತೆಗೆದ ಮೇಲೆ ಅವರು ಮಾಡಿದ ಒಂದು ಕೆಲಸ ನನ್ನ ಮನಸ್ಸಿನಲ್ಲಿ ಉಳಿದಿದೆ. ಕನ್ನಡಿಯ ನಾಲ್ಕೂ ಅಂಚಿಗೆ ಪೇಸ್ಟಿನ ತೆಳ್ಳನೆಯ ಗೆರೆ ಎಳೆದು, ಸೋಪಿನ ನೀರಿನಲ್ಲಿ ಬೆರಳು ಅದ್ದಿ, ಮೇಲಿನಿಂದ ಕೆಳಗಿನವರೆಗೆ ನುಣ್ಣಗೆ ಒರೆಸಿದರು. ಅದು ಯಾರೂ ಕೇಳಿದ ಕೆಲಸವಲ್ಲ.

"ಇಲ್ಲಿ ಬಟ್ಟಿ ಧೂಳು ಭಾಳ ಅಕ್ಕೋರ. ಇರಿವಿ ಬ್ಯಾರೆ. ಒಳಗ ಹೊಕ್ಕು ಹುಡುಗಿಗೆ ತ್ರಾಸು ಕೊಡಬಾರದು. ಈಗ ಗಾಳಿ ಸೈತ ಹೋಗಂಗಿಲ್ಲ ನೋಡ್ರಿ."

ಆಮೇಲೆ ಟ್ಯೂಬಿನ ತುದಿಯಲ್ಲಿ ಬೆರಳ ಗೆಣ್ಣಿನಷ್ಟು ಪೇಸ್ಟನ್ನು ಹೊರಗೆ ಬಿಟ್ಟು ಅದನ್ನು ಅಂಗಡಿ ಗೋಡೆಯ ಮಾಡದಲ್ಲಿ ಇಟ್ಟರು. ಮುಚ್ಚಳ ಹಾಕುವುದಿಲ್ಲವೇ ಎಂದು ಕೇಳಿದೆ. ನಕ್ಕರು.

"ಇದೇ ಮುಚ್ಚಳ. ಬಾಯಾಗ ಇದ್ದದ್ದು ಗಟ್ಟಿಯಾಗಿ ಬಿರಡಿ ಆಕ್ಕೈತಿ. ಒಳಗಿಂದು ಹಸಿ ಹಂಗ ಇರ್ತೈತಿ. ಆರು ತಿಂಗಳ ಬಿಟ್ಟು ಮೊಳಿ ಹಾಕಿ ಬಿರಡಿ ಕಿತ್ತಿದ್ರೂ ಇವತ್ತಿನಂಗ ಬರ್ತೈತಿ."

ಹೊರಡುವ ಮೊದಲು ಫೋನಿನಲ್ಲಿ ಒಂದು ಫೋಟೊ ತೋರಿಸಿದರು. ಲಿಂಗಸುಗೂರಿನ ಹೊಸ ಕಲ್ಯಾಣಮಂಟಪದ ಮದುಮಗಳ ಕೋಣೆ. ಬಾಗಿಲಿಗಿಂತ ಎತ್ತರದ, ಗೋಡೆಯ ತುಂಬ ಹರಡಿದ ಕನ್ನಡಿ. ಅದೇ ವಾರ ಅವರೇ ಕೂಡಿಸಿದ್ದು, ಅದರಲ್ಲಿ ಉಳಿದ ಟ್ಯೂಬುಗಳಿಂದಲೇ ಅಸ್ಮಾಳ ಕನ್ನಡಿ. ಅಷ್ಟು ದೊಡ್ಡದನ್ನು ಅವರು ಹಿಂದೆ ಯಾವತ್ತೂ ಕೂಡಿಸಿರಲಿಲ್ಲ.

"ಅಲ್ಲೇ ನಮ್ಮ ನಂದಿನಿ ಮದುವಿ," ಎಂದೆ. ನಂದಿನಿ ನನ್ನ ತಂಗಿಯ ಮೊಮ್ಮಗಳು.

ಅವರ ಮುಖ ಅರಳಿತು. "ಹೌದೇನ್ರೀ? ಹಂಗಾರ ಆರಾಮ ಇರ್ರಿ. ಅದಕ್ಕ ಇದರ ಮೂರು ಪಟ್ಟು ಪೇಸ್ಟ್ ಹಾಕೀನಿ. ಸುತ್ತಲೂ ಹಿಂಗ ಮುಚ್ಚೀನಿ. ಮದುಮಗಳು ಅದರ ಬುಡಕ್ಕ ಕುಂದ್ರತಾಳ, ಗಟ್ಟಿ ಇರಬೇಕಲ್ಲ."

*

ಎರಡು ದಿನವಾಯಿತು, ಎರಡು ವಾರವೂ ಆಯಿತು. ವಾಸನೆ ಹೋಗಲಿಲ್ಲ. ಬೆಳಿಗ್ಗೆ ಷಟರ್ ಎತ್ತಿದ ಕೂಡಲೆ ಸಿರ್ಕಾ ಮುಖಕ್ಕೆ ಬಡಿಯುತ್ತಿತ್ತು. ಅಸ್ಮಾ ಊದುಕಡ್ಡಿ ಹಚ್ಚಿದಳು. ಊದುಕಡ್ಡಿಯ ಹೊಗೆಯೂ ಹುಳಿಯಾಯಿತು.

ಬಿಸಿಲು ಏರಿತು. ಮಸ್ಕಿಯ ಗುಡ್ಡಗಳು ಕಾದು, ತುಟಿ ಒಡೆಯುವಂಥ ಒಣ ಗಾಳಿ. ಹೊರಗಿನಿಂದ ಮುಟ್ಟಿದರೆ ಅಂಚಿನ ಬಿಳಿ ಗೆರೆ ರಬ್ಬರಿನಂತೆ ಗಟ್ಟಿ. ಅಸ್ಮಾ ದಿನಾ ಉಗುರಿನಿಂದ ಒತ್ತಿ ನೋಡುತ್ತಿದ್ದಳು. "ಬಿಸಿಲಿಗೆ ಚಂದಾಗಿ ಒಣಗೈತಿ ಅಕ್ಕೋರ. ಮತ್ತ ವಾಸನಿ ಎಲ್ಲಿಂದ ಬರಾಕತ್ತೈತಿ?"

ಮೊದಲ ಕಪ್ಪು ಕಲೆಯನ್ನು ಕಂಡವಳು ಪಾಮನಕಲ್ಲೂರಿನಿಂದ ಬಂದ ಗಿರಾಕಿ. ಹೊಸ ಕುಪ್ಪಸ ತೊಟ್ಟು ತಿರುಗಿದವಳು ತನ್ನ ಹೊಟ್ಟೆಯ ಮೇಲೆ ಏನೋ ಹತ್ತಿದೆ ಎಂದು ಕೊಡವಿಕೊಂಡಳು. ಅದು ಬಟ್ಟೆಯಲ್ಲಿ ಇರಲಿಲ್ಲ, ಕನ್ನಡಿಯಲ್ಲಿತ್ತು. ಒರೆಸಿದರೆ ಹೋಗಲಿಲ್ಲ, ಏಕೆಂದರೆ ಅದು ಗಾಜಿನ ಹಿಂದೆ, ಬೆಳ್ಳಿಯ ಲೇಪದಲ್ಲಿ ಇತ್ತು. ಸಾಸಿವೆಯಷ್ಟಿದ್ದದ್ದು ರೂಪಾಯಿಯಷ್ಟಾಯಿತು. ಅದರ ಪಕ್ಕಕ್ಕೆ ಇನ್ನೊಂದು ಹುಟ್ಟಿತು. ಹುಸೇನ್‌ಸಾಬ್ ಮುದ್ದೆ ಇಟ್ಟ ಕಡೆಯಲ್ಲೆಲ್ಲ, ಇಟ್ಟ ಸಾಲಿನಲ್ಲೇ, ಒಳಗಿನಿಂದ ಕಪ್ಪು ಮೂಡಿ ಬಂತು. ಅದರ ಮುಂದೆ ನಿಂತವರ ಮುಖದಲ್ಲಿ ಕಣ್ಣಿನ ಜಾಗದಲ್ಲೋ ಗಂಟಲಿನ ಜಾಗದಲ್ಲೋ ಒಂದು ತೂತು ಕಾಣುತ್ತಿತ್ತು. ಹೆಂಗಸರು ಪಕ್ಕಕ್ಕೆ ಸರಿದು ನಿಂತು ನೋಡಿಕೊಳ್ಳತೊಡಗಿದರು. ಯಾರೂ ಅಸ್ಮಾಳಿಗೆ ಏನೂ ಅನ್ನಲಿಲ್ಲ. ಒಬ್ಬಾಕೆ ಮಾತ್ರ ಹೋಗುವಾಗ ಬಾಗಿಲಿಗೆ ಒಂದು ನಿಂಬೆಹಣ್ಣು ಕಟ್ಟಿ ಹೋದಳು. ಒಳ್ಳೆಯ ಮನಸ್ಸಿನಿಂದಲೇ ಕಟ್ಟಿದಳು.

ನಾನು ನೋಡಿದ್ದು ಬೇರೆ. ಕನ್ನಡಿಯ ಕೆಳ ಅಂಚು ಮೊದಲ ದಿನ ಟೈಲ್ಸಿನ ಸಂದಿಗೆ ಸರಿಯಾಗಿ ನಿಂತಿತ್ತು. ಕುರ್ಚಿಯಲ್ಲಿ ಕುಳಿತವಳ ಕಣ್ಣಿಗೆ ಅದು ನೇರಕ್ಕೆ ಬೀಳುತ್ತದೆ. ಈಗ ಸಂದಿ ಕನ್ನಡಿಯ ಹಿಂದೆ ಮರೆಯಾಗಿತ್ತು. ಬಿಳಿ ಗೆರೆ ಅಲ್ಲಿ ಹೊರಕ್ಕೆ ಉಬ್ಬಿ, ಊದಿದ ತುಟಿಯ ಹಾಗೆ ಕಾಣುತ್ತಿತ್ತು.

ಆಸೀಮ ಅದರ ಮೇಲೆ ಹೊಸ ಪೇಸ್ಟು ಬಳಿದ. ಮರುದಿನ ಅಸ್ಮಾ ಮುಟ್ಟಿದಾಗ ಹೊಸದು ಇಡಿಯಾಗಿ, ಹಾವಿನ ಪೊರೆಯಂತೆ, ಅವಳ ಕೈಗೇ ಬಂತು.

"ನಿಮ್ಮ ಅಪ್ಪಗ ಹೇಳಲ್ಲ?" ಎಂದೆ.

"ಅಬ್ಬಾ ಭಾಳ ಹಚ್ಚಿಕೊಳ್ತಾರ ಅಕ್ಕೋರ. ಇದು ನನ್ನ ಮಗಳಿಗೆ ನನ್ನ ಕೈಯಿಂದ ಅಂತ ಸಿಂಧನೂರಾಗ ಎಲ್ಲಾರಿಗೂ ಫೋಟೊ ತೋರಿಸ್ಯಾರ. ಕಲಿ ಬಿದ್ದೈತಿ ಅಂತ ಹೆಂಗ ಹೇಳಲಿ?"

"ಕಲಿ ಇರಲಿ. ಅದು ಕೆಳಗ ಇಳ್ಯಾಕತ್ತೈತಿ ಅಸ್ಮಾ."

ಅವಳು ಬಗ್ಗಿ ನೋಡಿದಳು. ಆಮೇಲೆ ಎದ್ದು ಫೋನ್ ತೆಗೆದುಕೊಂಡಳು. ಅದು ನಂದಿನಿಯ ಮದುವೆಯ ಹಿಂದಿನ ದಿನ.

*

ಹುಸೇನ್‌ಸಾಬ್ ಬೆಳಗಿನ ಮೊದಲ ಬಸ್ಸಿಗೇ ಬಂದರು. ನಾನು ಲಿಂಗಸುಗೂರಿಗೆ ಹೊರಟು, ನಂದಿನಿಯ ಕುಪ್ಪಸ ಒಯ್ಯಲು ಅಂಗಡಿಗೆ ಹೋದಾಗ ಅವರು ಕನ್ನಡಿಯ ಮುಂದೆ ಕೈಕಟ್ಟಿ ನಿಂತಿದ್ದರು. ಆ ಕಪ್ಪು ಕಲೆಗಳ ನಡುವೆ ಅವರ ಮುಖ ಚೂರುಚೂರಾಗಿ ಕಾಣುತ್ತಿತ್ತು.

"ಹಳೇದರ ಮ್ಯಾಲ ಹೊಸದು ಹಿಡಿಯಂಗಿಲ್ಲಲೇ ಆಸೀಮ. ಅಂಚು ಪೂರ್ತಿ ಕೊಯ್ದು ತೆಗೀಬೇಕು. ಬಾ, ಹಿಡಕೊ."

ನೆಲಕ್ಕೆ ಕೌದಿ ಹಾಸಿದರು. ಕತ್ತರಿಸುವ ಮೇಜನ್ನು ಎಳೆದು ಅಡ್ಡ ಇಟ್ಟರು. ಆಸೀಮ ಎರಡೂ ಕೈಯಿಂದ ಕನ್ನಡಿಯನ್ನು ಒತ್ತಿ ಹಿಡಿದ. ಹುಸೇನ್‌ಸಾಬ್ ಕಟರಿನ ಅಲಗನ್ನು ಮೂಲೆಗೆ ಇಳಿಸಿ ಬಿಳಿ ಗೆರೆಯನ್ನು ಬಾಳೆನಾರಿನಂತೆ ಸುಲಿಯುತ್ತ ಬಂದರು. ಒಂದು ಬದಿ ಮುಗಿಯಿತು. ಎರಡನೆಯದು ಅರ್ಧಕ್ಕೆ ಬಂದಾಗ ಕನ್ನಡಿ ಒಮ್ಮೆ ಉಸಿರು ಬಿಟ್ಟ ಹಾಗೆ ಸದ್ದು ಮಾಡಿ ಕೆಳಗೆ ಜಾರಿತು.

"ಮಾಮಾ!"

"ಬಿಡಬ್ಯಾಡ! ಬಿಡಬ್ಯಾಡಲೇ!"

ಇಬ್ಬರೂ ಎದೆ ಕೊಟ್ಟು ಹಿಡಿದರು. ಅಸ್ಮಾ ಓಡಿ ಬಂದು ಕೆಳಗಿನ ಅಂಚಿಗೆ ಕೈ ಕೊಟ್ಟಳು. ಹೇಗೋ ಅದನ್ನು ಕೌದಿಯ ಮೇಲೆ ಮಲಗಿಸಿದರು. ಒಡೆಯಲಿಲ್ಲ. ಆದರೆ ಮೂವರೂ ಗೋಡೆಯನ್ನೇ ನೋಡುತ್ತ ನಿಂತುಬಿಟ್ಟರು.

ಟೈಲ್ಸಿನ ಮೇಲೆ ಬಿಳಿ ಪೇಸ್ಟು ಹಸಿಹಸಿಯಾಗಿ ಇಳಿಯುತ್ತಿತ್ತು. ಕೂಡಿಸಿದ್ದು ಯುಗಾದಿಯ ನಂತರ, ಈಗ ಮೇ ತಿಂಗಳು. ಅಷ್ಟು ಬಿಸಿಲು ತಿಂದ ಗೋಡೆಯ ಮೇಲೆ ಅದು ಇವತ್ತೇ ಟ್ಯೂಬಿನಿಂದ ಬಂದಂತೆ ಹೊಳೆಯುತ್ತಿತ್ತು. ಕೋಣೆಯಲ್ಲಿ ಕಣ್ಣು ಉರಿಯುವಷ್ಟು ಸಿರ್ಕಾ.

ಹುಸೇನ್‌ಸಾಬ್ ಬೆರಳು ಅದ್ದಿ ನೋಡಿದರು. ಅವರ ಕಣ್ಣು ಮಾಡದ ಕಡೆ ಹೋಯಿತು. ಅಲ್ಲಿ ಅವರೇ ಬಿರಡೆ ಬಿಟ್ಟು ಇಟ್ಟ ಟ್ಯೂಬು ನಿಂತಿತ್ತು.

"ಯಾ ಅಲ್ಲಾ," ಎಂದರು ಮೆಲ್ಲಗೆ. "ನಾನ ಬಿರಡಿ ಹಾಕೀನಿ. ಸುತ್ತಲೂ ಮುಚ್ಚಿ ಬಿರಡಿ ಹಾಕೀನಿ. ಗಾಳಿ ಹತ್ತಿದಷ್ಟ ಗಟ್ಟಿಯಾಗೈತಿ. ಒಳಗ ಗಾಳಿ ಎಲ್ಲಿಂದ ಹೋಗಬೇಕು? ಹಿಂದ ಟೈಲ್ಸು, ಮುಂದ ಗಾಜು..."

"ಬಿಸಿಲಿಗೆ ಒಣಗಬೇಕಿತ್ತಲ್ಲ ಅಬ್ಬಾ?"

"ಇದು ಒಣಗೋ ಮಾಲಲ್ಲಬೇ. ಗಾಳ್ಯಾಗಿನ ನೀರಿನ ಪಸಿ ಕುಡದು ಗಟ್ಟಿ ಆಗೋ ಮಾಲು. ನಮ್ಮ ಸಿಂಧನೂರಾಗ ಸುತ್ತಲೂ ಗದ್ದಿ, ಕಾಲುವಿ. ಮಳಿಗಾಲದಾಗ ಒಂದ ರಾತ್ರಿಗೆ ಕಲ್ಲಾಗತಿತ್ತು. ಸಿಂಕು, ಕಿಟಕಿ, ಎಲ್ಲಾ ಗಾಳಿಗೆ ತೆರದ ಇದ್ದವು. ನಾನು ಭತ್ತ ಒಣಗಿಸಿದಂಗ ಅಂತ ತಿಳಕೊಂಡಿದ್ದೆ. ಬಿಸಿಲು ಬಿದ್ದಷ್ಟು ಚಲೋ ಅಂತ."

ಆಸೀಮ ಕೌದಿಯ ಮೇಲಿನ ಕನ್ನಡಿಯನ್ನೇ ನೋಡುತ್ತಿದ್ದ. "ಹಂಗಾರ ಇಷ್ಟು ದಿನಾ ಇದನ್ನ ಹಿಡದದ್ದು ಏನು?"

"ಅಂಚಿನ ಗೆರಿ. ಅದೊಂದ."

ನನ್ನ ಕೈಯಲ್ಲಿ ನಂದಿನಿಯ ಕುಪ್ಪಸದ ಪೊಟ್ಟಣವಿತ್ತು. ಹುಸೇನ್‌ಸಾಬ್ ಅದನ್ನು ನೋಡಿದರು, ನನ್ನ ಮುಖ ನೋಡಿದರು.

"ಮದುವಿ ಇವತ್ತ ಅಲ್ಲೇನ್ರೀ ಅಕ್ಕೋರ?"

*

ಆಟೊದ ಮುಂದಿನ ಸೀಟಿನಲ್ಲಿ ಆಸೀಮನ ಪಕ್ಕದಲ್ಲಿ ನನ್ನನ್ನು ಕೂಡಿಸಿದರು. ಅಪ್ಪ, ಮಗಳು ಹಿಂದೆ ನಿಂತರು. ಲಿಂಗಸುಗೂರಿನ ರಸ್ತೆಯಲ್ಲಿ ಬಿಸಿಗಾಳಿ ಎದುರಿಗೆ ಬರುತ್ತಿತ್ತು. ನಾನು ನಂದಿನಿಯ ಅಪ್ಪ ಪಂಪಾಪತಿಗೆ ಫೋನ್ ಮಾಡುತ್ತಲೇ ಇದ್ದೆ. ಕೊನೆಗೆ ಎತ್ತಿದ. ಹಿಂದೆ ಬ್ಯಾಂಡಿನ ಗದ್ದಲ.

"ಎಲ್ಲಿದ್ದೀ ದೊಡ್ಡವ್ವಾ? ಲಗೂ ಬಾ!"

"ಪಂಪಾಪತಿ, ನಂದಿನೀನ್ನ ಆ ಕೋಣಿಂದ ಹೊರಗ ಕರಕೊಂಡು ಬಾ. ಆ ಕನ್ನಡಿ—"

"ಕನ್ನಡಿ ಮುಂದ ಕುಂತಾಳವ್ವಾ, ಜಡಿ ಹೆಣ್ಯಾಕತ್ತಾರ! ಭಾಳ ಚಂದ ಕಾಣಸ್ತಾಳ! ನೀ ಬಾ, ಬಂದು ನೋಡು!"

ಫೋನ್ ಕಡಿದುಹೋಯಿತು. ಹುಸೇನ್‌ಸಾಬ್ ಮಂಟಪದ ಮ್ಯಾನೇಜರಿಗೆ ಹಚ್ಚಿದರು. ಇವತ್ತು ಲಗ್ನ ಇದೆ, ರಿಪೇರಿ ಇದ್ದರೆ ನಾಳೆ ಬಾ ಎಂದು ಅವನು ಇಟ್ಟುಬಿಟ್ಟ.

ಹಿಂದಿನಿಂದ ಹುಸೇನ್‌ಸಾಬ್ ಕಿಟಕಿಯ ಹತ್ತಿರ ಬಗ್ಗಿ ನನಗೆ ಹೇಳಿದರು. "ಹೆಣ್ಮಕ್ಕಳ ಕೋಣಿ, ನಾ ಒಳಗ ಬರಂಗಿಲ್ಲ. ನೀವ ಹೋಗಬೇಕು. ಚೀರಬ್ಯಾಡ್ರಿ. ಬೀಳ್ತೈತಿ ಅಂದ್ರ ಎಲ್ಲಾರೂ ಒಮ್ಮಿಗೇ ಏಳ್ತಾರ, ಯಾರಾದ್ರು ಕನ್ನಡಿಗೇ ಕೈ ಕೊಟ್ಟು ಏಳ್ತಾರ. ಕೈ ಹಚ್ಚಿಸಬ್ಯಾಡ್ರಿ. ಬಾಗಿಲಾ ಜೋರಾಗಿ ಹಾಕಿಸಬ್ಯಾಡ್ರಿ."

ಮಂಟಪದ ಅಂಗಳದಲ್ಲಿ ಬ್ಯಾಂಡಿನವರು ಬಾರಿಸುತ್ತಿದ್ದರು. ದೊಡ್ಡ ಡೋಲಿನ ಪ್ರತಿ ಪೆಟ್ಟಿಗೂ ಕಿಟಕಿಯ ಗಾಜು ಜಿಂಯ್ ಎನ್ನುತ್ತಿತ್ತು. ಹುಸೇನ್‌ಸಾಬ್ ಆ ಸದ್ದಿಗೆ ಕಣ್ಣು ಮುಚ್ಚಿ ತೆರೆದರು. ಕೋಣೆಯ ಬಾಗಿಲಿನ ಹೊರಗೆ ಗೋಡೆಗೆ ಮುಖ ಮಾಡಿ ನಿಂತರು. ನಾನು, ಅಸ್ಮಾ ಒಳಗೆ ಹೋದೆವು.

ಏಸಿಯ ತಂಪು. ಮಲ್ಲಿಗೆ, ಪೌಡರು, ಅತ್ತರು. ಅದೆಲ್ಲದರ ಅಡಿಯಲ್ಲಿ ಸಿರ್ಕಾ.

ಕೋಣೆಯ ತುಂಬ ಹೆಂಗಸರು. ನಡುವೆ, ಕನ್ನಡಿಯ ಬುಡದಲ್ಲಿ, ಮಣೆಯ ಮೇಲೆ ನಂದಿನಿ. ಅವಳ ಹಿಂದೆ ಮೊಣಕಾಲೂರಿ ಒಬ್ಬಾಕೆ ಜಡೆ ಹೆಣೆಯುತ್ತಿದ್ದಳು. ಕನ್ನಡಿ ಅವರೆಲ್ಲರ ಮೇಲೆ ಮುಗಿಲಿನಂತೆ ನಿಂತಿತ್ತು. ಅದರ ಮೇಲೆಲ್ಲ ಊಟದ ತಟ್ಟೆಯಷ್ಟು ದೊಡ್ಡ ಕಪ್ಪು ಕಲೆಗಳು. ಮದುಮಗಳ ಕಣ್ಣಿಗೆ ಬೀಳಬಾರದೆಂದು ಯಾರೋ ಕಕ್ಕುಲಾತಿಯಿಂದ ಪ್ರತಿ ಕಲೆಯ ಮೇಲೂ ಟೇಪು ಹಚ್ಚಿ ಮಲ್ಲಿಗೆ ಮಾಲೆ ಇಳಿಬಿಟ್ಟಿದ್ದರು. ಆ ಮಾಲೆಗಳು ಡೋಲಿನ ಪೆಟ್ಟಿಗೆ ಅಲುಗುತ್ತಿದ್ದವು. ಗಾಳಿಯಿಂದಲ್ಲ. ನಾನು ಕೆಳಗಿನ ಅಂಚು ನೋಡಿದೆ. ಬಿಳಿ ಗೆರೆ ಉಬ್ಬಿ ನೆಲದ ಕಡೆಗೆ ಜೋತಿತ್ತು.

"ಅಜ್ಜೀ! ಬಂದ್ಯಾ?" ನಂದಿನಿ ಕನ್ನಡಿಯಲ್ಲೇ ನನ್ನನ್ನು ನೋಡಿ ನಕ್ಕಳು.

"ನಂದಿನಿ, ಏಳವ್ವ. ಬಾಜು ಕೋಣಿಗೆ ಬಾ."

"ಜಡಿ ಅರ್ಧ ಆಗೈತಲ್ಲ ಅಜ್ಜಿ."

ನನ್ನ ಧ್ವನಿಯಲ್ಲಿ ಏನು ಕೇಳಿಸಿತೋ, ಮುಖದಲ್ಲಿ ಏನು ಕಂಡಿತೋ. ನಂದಿನಿಯ ಗೆಳತಿ ಮುಸರತ್ ಎದ್ದು ಬಂದಳು. ಇಬ್ಬರೂ ಕಾಲೇಜಿಗೆ ಕೂಡಿ ಹೋದವರು. "ಅಜ್ಜಿಗೆ ಬಿಸಿಲು ಹತ್ತೈತಿ," ಎಂದು ಓಡಿ ಹೋಗಿ ಒಂದು ಕುರ್ಚಿ ತಂದಳು. ತಂಪು ಗಾಳಿ ಚೆನ್ನಾಗಿ ಬರುವ ಜಾಗ ನೋಡಿ, ಕನ್ನಡಿಗೆ ಆನಿಸಿ ಇಟ್ಟಳು. "ಕುಂದರ್ರಿ ಅಜ್ಜಿ." ಒಬ್ಬಾಕೆ ನೀರು ತಂದಳು. ಇನ್ನೊಬ್ಬಾಕೆ ಸೆರಗಿನಿಂದ ಗಾಳಿ ಬೀಸಿದಳು. ನನ್ನನ್ನು ಕಂಡು ಕರಗಿದವರೆಲ್ಲ ಅಲ್ಲಿಗೇ, ಆ ಗಾಜಿನ ಬುಡಕ್ಕೇ ಬಂದು ಕೂಡಿದರು. ಕುರ್ಚಿಯ ಬೆನ್ನು ಕನ್ನಡಿಗೆ ತಾಗಿ ಟಿಕ್ ಎಂದಿತು.

ನಾನು ಕುಳಿತುಕೊಳ್ಳಲಿಲ್ಲ. ಆಗ ಅಸ್ಮಾ ಮುಂದೆ ಬಂದಳು. ಅಂಗಡಿಯಲ್ಲಿ ಗಿರಾಕಿಗಳನ್ನು ಗದರುವ ಅದೇ ಧ್ವನಿ.

"ಏಯ್ ಮದುಮಗಳೇ, ಏಳು. ಬ್ಲೌಸ್ ತಂದೀನಿ. ತೋಳು ಬಿಗಿ ಬಂದ್ರ ಆಮ್ಯಾಲೆ ನನ್ನ ಬೈತೀ. ಬಾಜು ಕೋಣ್ಯಾಗ ಮಷೀನ್ ಇಟ್ಟೀನಿ, ಅಲ್ಲೇ ಹಾಕ್ಕೊಂಡು ತೋರಿಸು."

"ಇಲ್ಲೇ ತೋರಿಸಿದ್ರ ಏನಾತು? ಎಲ್ಲಾ ಹೆಂಗಸರ ಇದ್ದೀವಿ," ಎಂದಳು ಜಡೆ ಹೆಣೆಯುವಾಕೆ.

"ನಿಮಗ ನಾಚಿಕಿ ಇಲ್ಲಂದ್ರ ಅಕಿಗೂ ಇಲ್ಲೇನ್ರೀ? ಮುಹೂರ್ತ ಮೀರಿದ್ರ ನಾ ಅಲ್ಲ, ನೀವ ಉತ್ತರಾ ಹೇಳ್ರಿ."

ಹೆಂಗಸರು ನಕ್ಕರು. ನಂದಿನಿ ಎದ್ದಳು. ಮದುಮಗಳು ಎದ್ದರೆ ಕೋಣೆಯೇ ಎದ್ದ ಹಾಗೆ. ಅರ್ಧ ಜಡೆ ಹಿಡಿದುಕೊಂಡು ಆಕೆ, ಹೂವಿನ ಬುಟ್ಟಿ ಹಿಡಿದು ಇನ್ನೊಬ್ಬಾಕೆ, ಮಕ್ಕಳನ್ನು ಕಂಕುಳಲ್ಲಿ ಹೊತ್ತು ಉಳಿದವರು, ಒಬ್ಬರ ಹಿಂದೆ ಒಬ್ಬರು ಹೊರಗೆ ನಡೆದರು. ಒಬ್ಬ ಮುದುಕಿ ಏಳುವಾಗ ಕನ್ನಡಿಗೆ ಕೈ ಚಾಚಿದಳು. ಆ ಕೈಯನ್ನು ನಾನು ಹಿಡಿದುಕೊಂಡೆ. "ನನ್ನ ಹಿಡಕೋರಿ ತಾಯಿ," ಎಂದೆ. ಇಬ್ಬರೂ ಹಾಗೇ ಹೊಸ್ತಿಲು ದಾಟಿದೆವು.

ಕೋಣೆ ಖಾಲಿಯಾಯಿತು. ಹುಸೇನ್‌ಸಾಬ್ ಗೋಡೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಅವರ ಭುಜ ಇಳಿಯಿತು. "ಆಸೀಮ, ಗಾದಿ ತಗೊಂಬಾ. ಇದ್ದಷ್ಟು ಗಾದಿ ತಗೊಂಬಾ," ಎಂದರು. ಆಸೀಮ ಓಡಿದ.

ನಾನು ಗೋಡೆ ಹಿಡಿದು ನಿಂತೆ. ಮುಸರತ್ ಅದನ್ನು ನೋಡಿದಳು.

"ಅಯ್ಯ, ಅಜ್ಜಿ ಇನ್ನಾ ನಿಂತಾರ!" ಎಂದವಳೇ ನಮ್ಮ ಪಕ್ಕದಿಂದ ತೂರಿ, ಕುರ್ಚಿ ತರಲು ಒಳಗೆ ಓಡಿದಳು.

ನಾನು ಕೂಗಿದೆ. ಡೋಲಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಅವಳು ಬಗ್ಗಿ ಕುರ್ಚಿ ಎತ್ತಿದಳು. ಅದರ ಬೆನ್ನು ಕನ್ನಡಿಗೆ ಮತ್ತೊಮ್ಮೆ ತಾಗಿತು. ಕನ್ನಡಿಯ ನೆತ್ತಿ ಗೋಡೆಯನ್ನು ಬಿಟ್ಟು ಮುಂದಕ್ಕೆ ಬಂತು.

ಅದು ಕೂಡಲೇ ಬೀಳಲಿಲ್ಲ. ಮೇಲಿನ ಬಿಳಿ ಗೆರೆ ಹರಿಯದೆ ಹಿಗ್ಗಿತು. ಬೆರಳಿನಷ್ಟು ಇದ್ದದ್ದು ಗೇಣಿನಷ್ಟಾಗಿ, ನಾದಿದ ಹಿಟ್ಟಿನ ಎಳೆಯಂತೆ ತೆಳುವಾಗುತ್ತ, ಅಷ್ಟು ದೊಡ್ಡ ಗಾಜನ್ನು ಮುಸರತ್‌ಳ ಬಗ್ಗಿದ ಬೆನ್ನಿನ ಮೇಲೆ ಓರೆಯಾಗಿ ಹಿಡಿದುಕೊಂಡಿತ್ತು. ಮಲ್ಲಿಗೆ ಮಾಲೆಗಳೆಲ್ಲ ಗಾಜನ್ನು ಬಿಟ್ಟು ಗಾಳಿಯಲ್ಲಿ ನೇರ ತೂಗಿದವು.

ಹುಸೇನ್‌ಸಾಬ್ ಹೊಸ್ತಿಲು ದಾಟಿದ್ದನ್ನು ನಾನು ನೋಡಲಿಲ್ಲ. ನೋಡಿದಾಗ ಅವರು ಒಳಗಿದ್ದರು. ಎರಡೂ ಅಂಗೈ ಗಾಜಿಗೆ ಕೊಟ್ಟು, ಕಾಲು ಹಿಂದಕ್ಕೆ ಊರಿ ನಿಂತಿದ್ದರು.

"ಮಗಳೇ, ಕುರ್ಚಿ ಅಲ್ಲೇ ಬಿಡು," ಎಂದರು. ಕೂಸಿಗೆ ಹೇಳುವ ಹಾಗೆ ಹೇಳಿದರು. "ಮ್ಯಾಲ ನೋಡಬ್ಯಾಡ. ನನ್ನ ತೋಳಿನ ಬುಡಕ ಬಗ್ಗಿ ಬಾ. ಹಾಂ. ಹಂಗ."

ಮುಸರತ್ ಅಂಬೆಗಾಲಿಟ್ಟು ಹೊರಗೆ ಬಂದಳು. ನಾನು ಅವಳನ್ನು ಹಿಡಿದುಕೊಂಡೆ.

"ಅಬ್ಬಾ, ನೀವೂ ಬರ್ರಿ," ಎಂದಳು ಅಸ್ಮಾ. ಅವಳು ಯಾವಾಗ ಹಿಂದೆ ಬಂದು ನಿಂತಿದ್ದಳೋ.

"ಕೈ ತಗದ್ರ ಬರ್ತೈತಿಬೇ. ನೀ ಸರಿ. ಅಕ್ಕೋರನ್ನ ಸರಿಸು."

ಆಸೀಮ ಮತ್ತು ಇನ್ನಿಬ್ಬರು ಗಾದಿ ಹೊತ್ತು ಪಡಸಾಲೆಯಲ್ಲಿ ಬರುತ್ತಿದ್ದರು. ಗಾಜು ಅವರಿಗಾಗಿ ಕಾಯಲಿಲ್ಲ. ಮುಂದಕ್ಕೆ ಬೀಳಲು ಹುಸೇನ್‌ಸಾಬ್ ಬಿಡಲಿಲ್ಲ, ಹಾಗಾಗಿ ಅದು ನೇರ ಕೆಳಗೆ ಇಳಿಯಿತು. ಹಿಂದಿನ ಹಸಿ ಪೇಸ್ಟಿನ ಮೇಲೆ, ಎಣ್ಣೆ ಹಚ್ಚಿದ ಹಾಗೆ, ಅವರ ಅಂಗೈಗಳ ನಡುವೆ ಜಾರಿ ಬುಡ ನೆಲಕ್ಕೆ ಬಡಿಯಿತು. ಬಡಿದಲ್ಲಿಂದ ಮೇಲಕ್ಕೆ ಒಡೆಯುತ್ತ ಹೋಯಿತು.

ಬಾಜು ಕೋಣೆಯಲ್ಲಿ ಯಾರೋ, "ಪಟಾಕಿ ಹಚ್ಯಾರ, ಗಂಡಿನ ಕಡೇರು ಬಂದ್ರು!" ಎಂದರು. ಹೆಂಗಸರು ನಕ್ಕರು. ಡೋಲು ಬಾರಿಸುತ್ತಲೇ ಇತ್ತು.

ಹುಸೇನ್‌ಸಾಬ್ ನಿಂತೇ ಇದ್ದರು. ಕೈಗಳು ಇನ್ನೂ ಮೇಲೇ ಇದ್ದವು, ಈಗ ಅಲ್ಲಿ ಇಲ್ಲದ ಕನ್ನಡಿಯನ್ನು ಹಿಡಿದುಕೊಂಡ ಹಾಗೆ. ಮೊಣಕೈಯಿಂದ ರಕ್ತ ತೊಟ್ಟಿಕ್ಕಿ ಬಿಳಿ ಪೇಸ್ಟಿನಲ್ಲಿ ಬೀಳುತ್ತಿತ್ತು.

ಅಸ್ಮಾ ದುಪಟ್ಟಾ ಹರಿದು ಕಟ್ಟಿದಳು. ದವಾಖಾನೆಗೆ ಹೋಗುವ ದಾರಿಯಲ್ಲಿ ಆಟೊದ ಹಿಂದೆ ಅವರ ಕೈಗಳನ್ನು ಮೇಲೆತ್ತಿ ಹಿಡಿದು ಕುಳಿತವಳು ಮುಸರತ್. ಮದುವೆಗೆಂದು ತೊಟ್ಟ ರೇಷ್ಮೆಯ ಮೇಲೆ ಏನಾಗುತ್ತಿದೆ ಎಂದು ಅವಳು ಒಮ್ಮೆಯೂ ನೋಡಲಿಲ್ಲವಂತೆ. ನಂದಿನಿಗೆ ಊಟವಾಗುವವರೆಗೆ ಯಾರೂ ಹೇಳಲಿಲ್ಲ. ಅರ್ಧಕ್ಕೆ ನಿಂತ ಜಡೆಗೆ ಹೂ ಸುತ್ತಿ ಮುಚ್ಚಿ, ಅವಳು ಅಕ್ಷತೆ ಹಾಕಿಸಿಕೊಂಡಳು.

*

ಮಳೆ ಹಿಡಿದ ಮೇಲೆ ಹುಸೇನ್‌ಸಾಬ್ ಮಸ್ಕಿಗೆ ಬಂದರು. ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ. ಗನ್ನಿನ ಕುದುರೆ ಒತ್ತಲು ಆಗುವುದಿಲ್ಲ. ನನಗೆ ಕುರ್ಚಿ ಹಾಕಿತ್ತು. ಇನ್ನೊಂದು ಕುರ್ಚಿ ಅವರಿಗಾಗಿ ಹಾಕಿತ್ತು, ಅವರು ಕೂಡಲಿಲ್ಲ.

ಅಸ್ಮಾಳ ಕನ್ನಡಿಯಲ್ಲಿ ಕಲೆ ಹೆಚ್ಚಿದ್ದ ಭಾಗ ಕೊಯ್ದು, ಉಳಿದದ್ದನ್ನು ಆಸೀಮ ಗೋಡೆಗೆ ಏರಿಸುತ್ತಿದ್ದ. ನಾಲ್ಕು ಮೂಲೆಗೆ ತೂತು, ಹಿತ್ತಾಳೆ ಟೊಪ್ಪಿಗೆ. ಅಂಚಿಗೆ ಏನೂ ಇಲ್ಲ. ಗೋಡೆಗೂ ಗಾಜಿಗೂ ನಡುವೆ ಸಂದು ಬಿಟ್ಟಿದ್ದರು. ಆಗಲೇ ಒಂದು ಸಾಲು ಕರಿ ಇರುವೆ ಆ ಸಂದಿನ ಕಡೆ ಹೊರಟಿತ್ತು.

"ಇರಿವಿ ಒಳಗ ಹೋಗಾಕತ್ತಾವ ಅಬ್ಬಾ," ಎಂದಳು ಅಸ್ಮಾ.

"ಹೋಗಲಿ ಬಿಡವ್ವ."

ಅವರು ಗಾಜಿನ ಮೇಲೆ ಅಂಗೈ ಇಟ್ಟು ನಿಂತಿದ್ದರು. ಮಡಚದ ಬೆರಳುಗಳು ಕನ್ನಡಿಯೊಳಗಿನ ಬೆರಳುಗಳಿಗೆ ತಾಗಿದ್ದವು. ಆಸೀಮ ನಾಲ್ಕನೆಯ ಸ್ಕ್ರೂ ತಿರುವಿ, ಇನ್ನೊಂದು ಸುತ್ತು ಕೊಟ್ಟು, ಕೈ ಒರೆಸಿಕೊಂಡ.

"ಬಿಗಿಯಾತು ಮಾಮಾ. ಕೈ ತಗೀರಿ."

"ಹೂಂ," ಎಂದರು ಹುಸೇನ್‌ಸಾಬ್.

ಹೊರಗೆ ಮಳೆ ಜೋರಾಯಿತು. ಅಸ್ಮಾ ಚಹಾ ತಂದು ಅವರ ಪಕ್ಕದ ಮೇಜಿನ ಮೇಲಿಟ್ಟಳು. ಅದು ಆರಿತು. ಅವರು ಕೈ ತೆಗೆದಿರಲಿಲ್ಲ.